ಕಾಟಾ ಮೇಲಿನ ಕಾಲೇಜು

ಏಳು ಹತ್ತರ ಬಸ್ಸು ಸಾಂಗೆಯಿಂದ ಬರುತ್ತದೆ
ಮೈಮೇಲೆ ಕದಂಬ ಎಂದು ಬರೆಸಿಕೊಂಡು.
ರೋಣದ ಸಾಲೆಯಲ್ಲಿ ನಾನು ಬಾಯಿಪಾಠ ಮಾಡಿದ ರಾಜರು
ಇಲ್ಲಿ ಬಾಗಿಲಿಗೆ ಜೋತು ಚಿಲ್ಲರೆ ಕೇಳುತ್ತಾರೆ.
ಮೂವತ್ತೊಂದು ಹುಡುಗ ಹುಡುಗಿಯರು ಇಳಿಯುತ್ತಾರೆ,
ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಬಂದ ಒಬ್ಬಳು,
ಕೊನೆಗೆ ಕಾಯ್ತಾನ್, ಐವತ್ತೊಂದು ವರ್ಷ,
ಬಿ.ಎ. ಮೊದಲ ವರ್ಷ.
ನಾನು ಘಂಟೆ ಹೊಡೆಯುತ್ತೇನೆ.

ಘಂಟೆಯೆಂದರೆ ಘಂಟೆಯಲ್ಲ,
ಟಿಪ್ಪರಿನ ಮುರಿದ ಪಾಟಾ,
ಮಾವಿನ ಕೊಂಬೆಗೆ ತಂತಿಯಲ್ಲಿ ಕಟ್ಟಿದ್ದು.
ಗಣಿ ನಡೆವಾಗ ಪಾಟಾ ಮುರಿಯದ ದಿನವಿರಲಿಲ್ಲ ಈ ಊರಲ್ಲಿ.
ಸರಕಾರ ಮೂರು ಸಲ ಘಂಟೆ ಮಂಜೂರು ಮಾಡಿದೆ,
ಬಂದಿಲ್ಲ.

ನಮಗಿಲ್ಲಿ ಘಾಂಟಿ ಅನ್ನುತ್ತಾರೆ,
ಘಟ್ಟ ಇಳಿದು ಬಂದವರೆಂದು. ಅನ್ನಲಿ.
ಅಂದವರ ಮಕ್ಕಳು ಈ ಘಾಂಟಿಯ ಘಂಟೆಗೇ ಕೂರುತ್ತವೆ, ಏಳುತ್ತವೆ.
ಹಸಿವಾದರೆ ಕಿಟಕಿಯಿಂದ ಕಣ್ಸನ್ನೆ:
ಮಾವಶಿ, ಐದು ಮಿನಿಟು ಮೊದಲೇ ಹೊಡಿ.
ಒಮ್ಮೊಮ್ಮೆ ಹೊಡೆಯುತ್ತೇನೆ.

ಗ್ರಂಥಾಲಯವಿರುವುದು ಹಳೆಯ ಕಾಟಾ ಶೆಡ್ಡಿನಲ್ಲಿ.
ಅದಿರಿನ ಗಾಡಿ ತೂಗಿದ ಕಬ್ಬಿಣದ ಹಲಗೆಯ ಮೇಲೆ ಕಡಪಾ,
ಕಡಪಾದ ಮೇಲೆ ಕಪಾಟು.
ಕೆಂಪು ದೂಳು ಒರೆಸಿದಷ್ಟೂ ಹುಟ್ಟುತ್ತದೆ,
ಪುಸ್ತಕ ತೆರೆದರೆ ಕೆಮ್ಮು.
ಅಪ್ಪ ಇದೇ ಕಿಟಕಿಯಲ್ಲಿ ಕೂತಿದ್ದ.
ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು.
ಗಾಡಿ ನಂಬರನ್ನು ಕನ್ನಡದ ಅಂಕಿಯಲ್ಲೇ ಬರೆದು
ಮ್ಯಾನೇಜರನ ಕೈಲಿ ಬೈಸಿಕೊಂಡ,
ಮರುದಿನ ಮತ್ತೆ ಹಾಗೇ ಬರೆದ.

ಕಾಯ್ತಾನ್ ಮೊದಲ ದಿನ ಒಳಗೆ ಬಂದವನು
ನಡುಮಧ್ಯ ತಟ್ಟನೆ ನಿಂತ. ಅಭ್ಯಾಸಬಲ.
ತೂಕ ಹೇಳುವವರೆಗೆ ಗಾಡಿ ಕದಲಬಾರದಲ್ಲ.
ಹದಿನಾರು ಟನ್, ಎಂದೆ, ನಗೆಚಾಟಿಗೆ.
ಅವನು ನಗಲಿಲ್ಲ.
ಅದು ತುಂಬಿದಾಗ, ಬಾಯೀ.
ಖಾಲಿ ಅಂತ ಬರೆದುಕೋ.

ಸುಚಿತಾ ವೇಳಿಪ ಕಾಡಿನ ಅಂಚಿನ ವಾಡೆಯಿಂದ
ಒಂದೂವರೆ ತಾಸು ನಡೆದು ಬರುವ ಹುಡುಗಿ.
ಒಂದು ಸೋಮವಾರ ಬಾಟಲಿಯಲ್ಲಿ ಬಾವಿಯ ನೀರು ತಂದಳು,
ಚಹಾದ ಬಣ್ಣದ್ದು.
ಕೆಮಿಸ್ಟ್ರಿಯವರು ಪರೀಕ್ಷಿಸಿ ಬೋರ್ಡಿನ ಮೇಲೆ ಅಂಕಿ ಬರೆದರು.
ಸರಪಂಚರು ಬಂದು ಓದಿದರು,
ಚಹಾ ಕುಡಿಯದೆ ಹೋದರು.
ಹದಿನೈದು ದಿನಕ್ಕೆ ವಾಡೆಗೆ ಟ್ಯಾಂಕರ್ ಹತ್ತಿತು.
ಬೋರ್ಡು ಒರೆಸಲು ಯಾರೂ ಹೇಳಲಿಲ್ಲ, ನಾನೂ ಒರೆಸಲಿಲ್ಲ.
ಆ ವಾರ ಇತಿಹಾಸದ ಪಾಠವೆಲ್ಲ
ಆ ಅಂಕಿಯ ಪಕ್ಕದಲ್ಲೇ ನಡೆಯಿತು.

ಜೂನಿನಲ್ಲಿ ಪಣಜಿಯಿಂದ ಕಾಗದ.
ಮಕ್ಕಳು ಇನ್ನೂರಕ್ಕೆ ಕಮ್ಮಿ ಬಿದ್ದರೆ
ಕಾಲೇಜನ್ನು ಪೇಟೆಯದರೊಳಗೆ ಸೇರಿಸುವುದು.
ಎಣಿಸಿದರು. ಆರು ಕಮ್ಮಿ.
ಪ್ರಾಚಾರ್ಯೆ ಫಳದೇಸಾಯಿ ಬಾಯಿ ರೇನ್‌ಕೋಟು ತೊಟ್ಟು
ಸ್ಕೂಟರಿನಲ್ಲಿ ವಾಡೆವಾಡೆ ತಿರುಗಿದರು.
ಗೇರುಬೀಜದ ಕಾರ್ಖಾನೆಯಿಂದ ಇಬ್ಬರು,
ಗ್ಯಾರೇಜಿನಿಂದ ಒಬ್ಬ, ಗೌಂಡಿ ರಾಥೋಡನ ಹೆಂಡತಿ,
ಅವಳು ಬರುತ್ತಾಳೆಂದು ಅವಳ ನಾದಿನಿ.
ಆಮೇಲೆ ತೊಯ್ದ ಕೈಯಲ್ಲೇ ನನ್ನತ್ತ ಒಂದು ಫಾರ್ಮು ಸರಿಸಿದರು:
ಬಾಲವಾಡಿ ಕೋರ್ಸು, ಏಳನೆತ್ತೆ ಸಾಕು.

ಹೆಸರು. ಬರೆದೆ.
ತಂದೆಯ ಹೆಸರು. ಬರೆದೆ.
ತಂದೆಯ ಉದ್ಯೋಗ. ತೂಕ, ಎಂದು ಬರೆದೆ.
ಗೋವಾದಲ್ಲಿ ವಾಸ ಎಷ್ಟು ವರ್ಷ?
ಕೈ ತಾನೇ ಬರೆಯಿತು: ೨೬.
ಗುಮಾಸ್ತ ಫಾರ್ಮು ವಾಪಸು ಕೊಟ್ಟ, ಇದೇನು ಚಿತ್ರ ಬಿಡಿಸಿದ್ದೀ ಎಂದು.
ಎರಡನೆಯ ಫಾರ್ಮಿನಲ್ಲೂ ಅದೇ ಆಯಿತು.
ಬಾಯಿಯವರು ಮಾತಿಲ್ಲದೆ ಮೂರನೆಯದು ಕೊಟ್ಟರು.

ಹೊರಗೆ ಮಳೆ. ಮಾವಿನ ಮರದಲ್ಲಿ ಪಾಟಾ ತೊಯ್ಯುತ್ತಿತ್ತು.
ಮಕ್ಕಳು ಕೂತೇ ಇದ್ದವು. ಹೊಡೆಯುವವರಿರಲಿಲ್ಲ.
ಅಂದು ಘಂಟೆ ಏಳು ಮಿನಿಟು ತಡ.